ನಡುವಿನ ದೋಸೆ

ನಮ್ಮೂರಿನಲ್ಲಿ ಇಂಗ್ಲಿಷ್ ಓದಿದವರು ಕಡಿಮೆ. ಆದರೆ ‘ಸೆಟ್’ ಎಂಬ ಒಂದು ಪದದ ಮಟ್ಟಿಗೆ ನಮ್ಮನ್ನು ಮೀರಿಸುವವರಿಲ್ಲ. ಬೇರೆ ಊರುಗಳಲ್ಲಿ ಅದನ್ನು ಯಾರು ಬೇಕಾದರೂ ಬಾಯಿಗೆ ಬಂದ ಹಾಗೆ ಬಳಸುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಆ ಪದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟು ಮನೆಗಳಿಗೆ ಅದು ಹಂಚಿಹೋಗಿದೆ. ತಾರಸಿ ಹಾಕಿದ ಮೇಲೆ ಅಶ್ವತ್ಥ ಬಂದು ಹಸಿ ಕಾಂಕ್ರೀಟಿನ ಮುಂದೆ ನಿಂತು ‘ಸೆಟ್’ ಅನ್ನಬೇಕು. ಅನ್ನದಿದ್ದರೆ ಎಷ್ಟು ಕಾಲ ಕಳೆದರೂ ಅದು ಮೆತ್ತಗೇ ಇರುತ್ತದೆ, ಬೆಕ್ಕು ನಡೆದರೂ ಹೆಜ್ಜೆ ಮೂಡುತ್ತದೆ. ಹಲ್ಲಿನ ಸೆಟ್ಟು ಬಾಯಲ್ಲಿ ಕೂರಬೇಕಾದರೆ ಮುಕುಂದಪ್ಪ ಅನ್ನಬೇಕು. ಗಡಿಯಾರಗಳಿಗೆ ಗುಂಡಣ್ಣ. ಪಂಪ್‌ಸೆಟ್ಟಿಗೆ ಒಂದು ಮನೆ, ಬಳೆ ಸೆಟ್ಟಿಗೆ ಒಂದು ಮನೆ, ನಾಟಕದ ಸೆಟ್ಟಿಗೆ ಮತ್ತೊಂದು. ದೋಸೆಯ ಸೆಟ್ಟು ನಮ್ಮದು.

ಇದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಎಂದು ನನ್ನನ್ನು ಕೇಳಬೇಡಿ. ನಾನು ಕಣ್ಣು ಬಿಟ್ಟಾಗಲೇ ಹೀಗಿತ್ತು. ನಮ್ಮಪ್ಪ ಕಾವಲಿಯ ಮುಂದೆ ನಿಂತು ಮೂರು ದೋಸೆಗಳನ್ನು ಒಂದರ ಮೇಲೊಂದು ಇಟ್ಟು ‘ಸೆಟ್’ ಅನ್ನುತ್ತಿದ್ದರು. ಅಂದ ತಕ್ಷಣ ಮೂರೂ ಹೊಂದಿಕೊಂಡು ಕೂತು, ತಿಂದು ಮುಗಿಯುವವರೆಗೆ ಹತ್ತಿಯ ಹಾಗಿರುತ್ತಿದ್ದವು. ಅನ್ನದೆ ಹಾಗೇ ತಟ್ಟೆಗೆ ಹಾಕಿದರೆ ಒಂದು ಇತ್ತ ಜಾರುತ್ತದೆ, ಒಂದು ಅತ್ತ ಜಾರುತ್ತದೆ, ಇನ್ನೊಂದು ಸಾಗುವಿನಲ್ಲಿ ಮುಳುಗುತ್ತದೆ. ಮೂರರಲ್ಲಿ ನಡುವಿನದು ಎಲ್ಲಕ್ಕಿಂತ ಮೆತ್ತಗೆ. ಕೆಳಗಿನದಕ್ಕೆ ತಟ್ಟೆಯ ತಣುಪು ತಗಲುತ್ತದೆ, ಮೇಲಿನದು ಗಾಳಿಗೆ ಆರುತ್ತದೆ, ನಡುವಿನದಕ್ಕೆ ಎರಡು ಕಡೆಯಿಂದಲೂ ಬಿಸಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಪ್ಪ ನಡುವಿನದನ್ನೇ ಎಳೆದು ಕೊಡುತ್ತಿದ್ದರು. ಅವರ ನಂತರ ಹೋಟೆಲೂ ಆ ಮಾತೂ ನನ್ನ ಪಾಲಿಗೆ ಬಂದವು. ವನಜಕ್ಕನ ಹೋಟೆಲು ಎಂದರೆ ಈಗ ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ.

ಮಾತು ಕೈಯಲ್ಲಿದೆ ಎಂದು ಯಾರೂ ಮೆರೆಯುವ ಹಾಗಿಲ್ಲ, ಯಾಕೆಂದರೆ ಅದು ಅಂದವರಿಗೇ ಆಗಿಬರುವುದಿಲ್ಲ. ಊರಿಗೆಲ್ಲ ದೋಸೆ ಕೂರಿಸುವ ನಾನು ನನ್ನ ತಟ್ಟೆಗೆ ಹಾಕಿಕೊಂಡರೆ ಮೂರೂ ಮೂರು ದಿಕ್ಕಿಗೆ. ಅದಕ್ಕೇ ಒಲೆಯ ಪಕ್ಕ ನಿಂತು ಒಂದೊಂದೇ ತಿನ್ನುತ್ತೇನೆ. ಮುಕುಂದಪ್ಪ ತನ್ನ ಹಲ್ಲಿನ ಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ. ಊರಿಗೆಲ್ಲ ತಾರಸಿ ಗಟ್ಟಿ ಮಾಡಿಕೊಟ್ಟ ಅಶ್ವತ್ಥನ ಮನೆಗೆ ಇವತ್ತಿಗೂ ತಗಡಿನ ಮಾಡು. ಇನ್ನೊಂದು ತೊಡಕೂ ಇದೆ. ಒಂದು ಅರ್ಥದ ಮಾತನ್ನು ಇನ್ನೊಂದಕ್ಕೆ ಬಳಸಬಾರದು. ಗುಂಡಣ್ಣ ಒಮ್ಮೆ ತನ್ನ ಗಡಿಯಾರದ ಮಾತನ್ನು ಹೊತ್ತಿಗೆ ಸರಿಯಾಗಿ ಹಾಲು ಕೊಡಲಿ ಎಂದು ಹಟಮಾರಿ ಎಮ್ಮೆಗೆ ಹೇಳಿದ. ಎಮ್ಮೆ ಜಗ್ಗಲಿಲ್ಲ, ಊರಿನ ಗಡಿಯಾರಗಳು ಮಾತ್ರ ಕೆಲವು ದಿನ ಮನಸ್ಸಿಗೆ ಬಂದ ಹೊತ್ತು ತೋರಿಸಿದವು. ಎರಡನೇ ಸಲವೂ ಸೋತರೆ ಮಾತು ಮನೆ ಬಿಟ್ಟೇ ಹೋಗುತ್ತದೆ. ಕೂದಲು ಸೆಟ್ ಮಾಡುವ ಮನೆಯವರು ಹಾಗೇ ಕಳೆದುಕೊಂಡರು. ಅಂದಿನಿಂದ ನಮ್ಮೂರಿನವರ ತಲೆ ನೋಡಿದರೆ ಈಗಷ್ಟೇ ಹಾಸಿಗೆಯಿಂದ ಎದ್ದವರ ಹಾಗೆ ಕಾಣುತ್ತದೆ.

ಇಷ್ಟು ಮನೆಗಳಲ್ಲಿ ದೊಡ್ಡ ಜವಾಬ್ದಾರಿ ದಾಕ್ಷಾಯಿಣಿಯದು. ಅವಳದು ಜೋಡಿಯ ಸೆಟ್ಟು. ಮದುವೆಗೆ ಮುಂಚೆ ಹುಡುಗ ಹುಡುಗಿ ಅವಳ ಅಂಗಳಕ್ಕೆ ಬಂದು, ಅವಳ ಅಜ್ಜಿಯ ಕಾಲದ ಹದಿನೆಂಟು ಮೊಳದ ಸೀರೆಯ ಒಂದೊಂದು ತುದಿ ಹಿಡಿದು ಮಡಿಸಬೇಕು. ಎಷ್ಟೇ ಜಾಣರಾದರೂ ಅಂಚಿಗೆ ಅಂಚು ಕೂಡುವುದಿಲ್ಲ, ಒಂದು ಗೇಣಾದರೂ ಆಚೀಚೆ ಆಗುತ್ತದೆ. ಆಗ ದಾಕ್ಷಾಯಿಣಿ ಜಗಲಿಯಿಂದ ‘ಸೆಟ್’ ಅನ್ನುತ್ತಾಳೆ. ಅಂಚುಗಳು ಸರಕ್ಕನೆ ಕೂಡುತ್ತವೆ, ಬೀಗರು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲರೂ ನನ್ನ ಹೋಟೆಲಿಗೆ ಬಂದು ಕಾಫಿ ಕುಡಿಯುತ್ತಾರೆ.

ಈ ಮಾತು ಮನೆಯಲ್ಲಿ ಮದುವೆಯಾದವರಿಗೇ ದಾಟಬೇಕು ಎಂಬುದು ಹಿಂದಿನಿಂದ ಬಂದ ಎಚ್ಚರಿಕೆ. ಆದರೆ ದಾಕ್ಷಾಯಿಣಿಯ ಅಜ್ಜಿ ಅವಸರದಲ್ಲಿ ಕಣ್ಣು ಮುಚ್ಚಿದಳು, ಕಿವಿಯಲ್ಲಿ ಹೇಳಲು ಹತ್ತಿರವಿದ್ದವಳು ಮೊಮ್ಮಗಳೊಬ್ಬಳೇ. ಈಗ ಆ ಮನೆಯವರೆಂದರೆ ದಾಕ್ಷಾಯಿಣಿ ಮತ್ತು ಒಂದು ಬೆಕ್ಕು. ಮಾತು ಮನೆಯವರಿಗೆ ಮಾತ್ರ ದಾಟುತ್ತದೆ, ಬೆಕ್ಕಿಗೆ ದಾಟಿಸಿ ಪ್ರಯೋಜನವಿಲ್ಲ. ಊರಿನ ಹುಡುಗಿಯರನ್ನೆಲ್ಲ ದಡ ಸೇರಿಸುತ್ತಾ ಅವಳು ಮೂವತ್ತು ದಾಟಿದಳು. ಅದರ ಬಗ್ಗೆ ಅವಳಿಗೆ ಕೊರಗೇನೂ ಇದ್ದ ಹಾಗೆ ಕಾಣಲಿಲ್ಲ. ತಮಾಷೆಯ ಹೆಂಗಸು, ಜೋರಾಗಿ ನಗುವವಳು, ನನ್ನ ಹೋಟೆಲಿನ ಕಿಟಕಿಯ ಪಕ್ಕದ ಮೇಜು ಅವಳದೇ.

ಆ ಮೇಜಿನಲ್ಲೇ ಎಡವಟ್ಟಾಯಿತು. ಅಶ್ವತ್ಥ ಮೈಯೆಲ್ಲ ಸಿಮೆಂಟು ಮಾಡಿಕೊಂಡು ಬಂದು ಬೇರೆ ಮೇಜುಗಳು ಖಾಲಿ ಇದ್ದರೂ ಅವಳೆದುರೇ ಕೂರತೊಡಗಿದ. ಮೊದಲು ಒಂದು ಕಾಫಿ, ಆಮೇಲೆ ಎರಡು. ಕಾಫಿ ಅಂದರೆ ಎದೆ ಉರಿ ಎಂದು ದೂರ ಇಡುತ್ತಿದ್ದ ಮನುಷ್ಯ! ದಾಕ್ಷಾಯಿಣಿಯ ನಗು ಅಡುಗೆಮನೆಯವರೆಗೆ ಕೇಳುವುದು ನಿಂತು, ಮೇಜಿನವರೆಗೆ ಮಾತ್ರ ಕೇಳತೊಡಗಿತು. ಇಂಥದ್ದನ್ನು ಕಂಡುಹಿಡಿಯಲು ಹೆಚ್ಚಿನ ಬುದ್ಧಿ ಬೇಕಿಲ್ಲ.

“ಏನಮ್ಮ, ಊರಿಗೆಲ್ಲ ಮಾಡಿದ್ದಾಯ್ತು, ಈಗ ನಿಂದೇನು?” ಎಂದು ಕೇಳಿದೆ.

“ನಂದೇನಕ್ಕ, ನಂಗೆ ನಾನೇ ಅನ್ಕೊಳ್ಳೋಕಾಗತ್ತಾ?” ಎಂದಳು. ನಗುತ್ತಲೇ ಅಂದಳು, ಆದರೆ ಕಾಫಿಯ ಲೋಟ ಎತ್ತಿದವಳು ಕುಡಿಯದೆ ಹಾಗೇ ಇಟ್ಟಳು.

ಮಾತಿಲ್ಲದೆ ಮದುವೆಯಾದವರ ಪಾಡು ನಮಗೆ ಗೊತ್ತು. ಅವರು ಜಗಳವಾಡುವುದಿಲ್ಲ, ಜಗಳಕ್ಕಾದರೂ ಇಬ್ಬರೂ ಎದುರು ಸಿಗಬೇಕಲ್ಲ! ಅಶ್ವತ್ಥನ ತಾಯಿ ಜಲಜಮ್ಮ ಅದನ್ನು ಉಂಡು ನೋಡಿದವಳು. ಅವಳ ಮದುವೆಯ ಹೊತ್ತಿಗೆ ದಾಕ್ಷಾಯಿಣಿಯ ಅಜ್ಜಿ ಯಾತ್ರೆಗೆ ಹೋಗಿದ್ದಳು, ಬರುವವರೆಗೆ ಕಾಯಲು ಗಂಡಿನ ಕಡೆಯವರಿಗೆ ತಾಳ್ಮೆ ಇರಲಿಲ್ಲ. ಗಂಡ ಮುಂಬಾಗಿಲಿನಿಂದ ಬಂದರೆ ಇವಳು ಹಿತ್ತಿಲಿನಿಂದ ಹೊರಟಿರುತ್ತಿದ್ದಳು. ಇವಳು ಬಡಿಸಿಟ್ಟರೆ ಅವನು ಮಲಗಿರುತ್ತಿದ್ದ. ಒಂದು ಬೆಳಿಗ್ಗೆ ಅವನು ಹಾಗೇ ನಡೆದುಹೋದ, ಇವಳು ಹಿತ್ತಿಲಿನಲ್ಲಿದ್ದಳು. ಹೋದದ್ದು ಗೊತ್ತಾಗಲೂ ಸ್ವಲ್ಪ ಕಾಲ ಹಿಡಿಯಿತು. ಆಮೇಲೆ ಮಗನೊಂದಿಗೆ ತಗಡಿನ ಮಾಡಿನ ಕೆಳಗೆ ಇಷ್ಟು ವರ್ಷ ಕಳೆದಳು. ನನ್ನ ಹೋಟೆಲಿಗೆ ಬರುತ್ತಾಳೆ, ಆದರೆ ಬರೀ ಕಾಫಿ. ದೋಸೆ ಹಾಕಲೇ ಎಂದು ಕೇಳಿದರೆ “ಒಬ್ಬಳಿಗೆ ಮೂರು ಯಾಕೆ ಬಿಡೇ” ಅನ್ನುತ್ತಾಳೆ.

ಮಗನ ವಿಷಯ ಕಿವಿಗೆ ಬಿದ್ದದ್ದೇ ತಡ, ಜಲಜಮ್ಮ ನೇರ ಹೋಟೆಲಿಗೆ ಬಂದು ದಾಕ್ಷಾಯಿಣಿಯ ಎದುರು ನಿಂತಳು. “ನಿನ್ ಮೇಲೆ ನಂಗೆ ಕೋಪ ಇಲ್ಲ ಕಣಮ್ಮ. ನೀನು ಬಂಗಾರದಂಥವ್ಳು. ಆದ್ರೆ ಮಾತಿಲ್ಲದ ಮದ್ವೆ ನಾನು ಮಾಡಿ ನೋಡಿದೀನಿ. ನನ್ ಮಗನಿಗೆ ಅದು ಬೇಡ. ಕೆಳಗಿನ ಬೀದಿಯಲ್ಲಿ ಒಂದು ಹುಡುಗಿ ನೋಡಿದೀನಿ. ಹಬ್ಬ ಕಳೀಲಿ, ಇಬ್ರನ್ನೂ ನಿನ್ ಅಂಗಳಕ್ಕೆ ಕರ್ಕೊಂಡ್ ಬರ್ತೀನಿ. ನೀನೇ ಅನ್ಬೇಕು.”

ಚಟ್ನಿ ರುಬ್ಬುವ ಮಿಕ್ಸಿಯನ್ನು ನಾನು ನಿಲ್ಲಿಸಿಬಿಟ್ಟಿದ್ದೆ. ದಾಕ್ಷಾಯಿಣಿ ಮೆಲ್ಲಗೆ “ಆಗ್ಲಿ ಜಲಜಮ್ಮ. ಕೇಳಿದವರಿಗೆ ಇಲ್ಲ ಅನ್ನೋ ಹಾಗಿಲ್ಲ ನಾನು” ಎಂದಳು. ಅವಳು ಅನ್ನುವವಳೇ. ತಾನು ಇಷ್ಟಪಟ್ಟವನಿಗೆ ಇನ್ನೊಬ್ಬಳನ್ನು ತನ್ನ ಬಾಯಿಂದಲೇ ಜೋಡಿ ಮಾಡಿ, ಸೀರೆ ಮಡಿಸಿಟ್ಟು, ಒಳಗೆ ಹೋಗಿ ಬೆಕ್ಕಿಗೆ ಹಾಲು ಹಾಕುವವಳು. ನನಗೆ ಜಲಜಮ್ಮನ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದರಲ್ಲಿ ತಪ್ಪಿಲ್ಲವಲ್ಲ ಎಂದು ಇನ್ನೂ ಸಿಟ್ಟು ಬಂತು.

ಆ ಸಂಜೆಯೇ ಅಡುಗೆಮನೆಯಲ್ಲಿ ಸಭೆ ಸೇರಿಸಿದೆ. ದಾಕ್ಷಾಯಿಣಿ, ಅಶ್ವತ್ಥ, ಮುಕುಂದಪ್ಪ ಮತ್ತು ನಾನು. “ದಾಕ್ಷಾಯಿಣಿ ಮಾತು ಅವಳಿಗೆ ಆಗ್ದೇ ಇದ್ರೆ ಬೇರೆಯವರ ಮಾತು ಆಗಬಾರ್ದು ಅಂತ ಎಲ್ಲಿದೆ?” ಎಂದು ನಾನು ಕೇಳಿದೆ. ಎಮ್ಮೆಯ ಕತೆಯನ್ನು ಅಶ್ವತ್ಥ ನೆನಪಿಸಿದ. ಮುಕುಂದಪ್ಪ ಮಾತ್ರ ಧೈರ್ಯಸ್ಥ. ಜೇಬಿನಿಂದ ಹಲ್ಲಿನ ಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, “ನಾನ್ ಅಂತೀನಿ. ಕಚ್ಕೊಂಡಿರ್ಬೇಕು ಅಷ್ಟೇ ತಾನೆ? ನನ್ ಮಾತಿಗಿಂತ ಕಚ್ಕೊಂಡಿರೋದು ಯಾವುದಿದೆ?” ಎಂದ.

ಸೀರೆ ತರಿಸಿದೆವು. ಇಬ್ಬರೂ ಒಂದೊಂದು ತುದಿ ಹಿಡಿದರು, ಮುಕುಂದಪ್ಪ ಬೊಚ್ಚುಬಾಯಲ್ಲೇ ‘ಸೆಟ್’ ಅಂದ. ಏನೂ ಆಗಲಿಲ್ಲ. ಅವನು ಸ್ವಲ್ಪ ಯೋಚಿಸಿ ಇಬ್ಬರ ಬಾಯಿಗೂ ಒಂದೊಂದು ಚಕ್ಕುಲಿ ತುರುಕಿದ. ನೋಡಿ ಮಜಾ, ಇಬ್ಬರೂ ಕರಕರ ಅಗಿಯುತ್ತಿದ್ದಷ್ಟು ಹೊತ್ತು ಅಂಚಿಗೆ ಅಂಚು ಕಚ್ಚಿಕೊಂಡಿತ್ತು! ನುಂಗಿದ್ದೇ ತಡ ಕಳಚಿತು. “ಜೀವಮಾನ ಪೂರ್ತಿ ಚಕ್ಕುಲಿ ತಿಂತಾ ಇರೋಕಾಗತ್ತೇನ್ರೀ?” ಎಂದು ಅಶ್ವತ್ಥ ನಿಟ್ಟುಸಿರಿಟ್ಟ. ಮುಕುಂದಪ್ಪನ ಗಿರಾಕಿಗಳ ಹಲ್ಲುಗಳು ಮುಂದೆ ಕೆಲವು ದಿನ ಬಾಯಲ್ಲಿ ಅಲ್ಲಾಡಿದವು, ಬೈಗುಳ ಅವನೊಬ್ಬನೇ ತಿಂದ.

ಉಳಿದವಳು ನಾನು. ದಾಕ್ಷಾಯಿಣಿ “ಬೇಡಕ್ಕ, ನಿನ್ ಹೋಟ್ಲು” ಎನ್ನುತ್ತಿದ್ದ ಹಾಗೆಯೇ ಅವರ ಕೈಗೆ ಮತ್ತೆ ಸೀರೆ ಕೊಟ್ಟು, ಕಾವಲಿಯ ಮುಂದೆ ಅನ್ನುವ ಹಾಗೇ ಅಂದೆ. ಅಂಚುಗಳು ಹತ್ತಿರ ಬಂದವು. ಬಂದು, ಇನ್ನೇನು ಕೂಡಬೇಕು, ನಡುವೆ ಸೀರೆ ಜೋತುಬಿದ್ದು ಎರಡೂ ತುದಿ ಜಾರಿಹೋದವು. ದಾಕ್ಷಾಯಿಣಿ ಸೀರೆಯನ್ನು ಮುದ್ದೆ ಮಾಡಿ ಎದೆಗವಚಿಕೊಂಡು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ನನ್ನ ಹೋಟೆಲು ನೋಡಬೇಕಿತ್ತು. ನಾನು ಎಷ್ಟು ಸಲ ‘ಸೆಟ್’ ಅಂದರೂ ದೋಸೆಗಳು ತಟ್ಟೆಯಿಂದ ಇಳಿದು ಮೇಜಿನ ಮೇಲೆ ಓಡಾಡುತ್ತಿದ್ದವು. ಒಬ್ಬರ ದೋಸೆ ಪಕ್ಕದವರ ತಟ್ಟೆಗೆ ಸೇರಿ ಜಗಳವಾಯಿತು. ಒಬ್ಬರು ಬೇಸತ್ತು, “ವನಜಕ್ಕ, ನಂಗೆ ಎರಡೇ ಸಾಕು, ಮೂರನೇದನ್ನ ಹಿಡ್ಕೊಂಡ್ ಕೂರೋಕೆ ಕೈ ಸಾಲ್ದು” ಎಂದರು.

“ಎರಡಕ್ಕೆ ಮಾತು ಹಿಡಿಯಲ್ಲ ಸ್ವಾಮಿ, ಸೆಟ್ ಅಂದ್ರೆ ಮೂರು” ಎಂದೆ, ದಿನವೂ ಅನ್ನುವ ಹಾಗೆ. ಅಂದವಳು ಸೌಟು ಹಿಡಿದುಕೊಂಡು ನಿಂತುಬಿಟ್ಟೆ. ಕಾವಲಿಯ ಮೇಲಿನ ದೋಸೆ ಕರಕಲಾದ ವಾಸನೆ ಬಂದಾಗ ಎಚ್ಚರವಾಯಿತು. ಹೋಟೆಲಿಗೆ ಬಾಗಿಲು ಹಾಕಿ ನೇರ ಜಲಜಮ್ಮನ ಮನೆಗೆ ನಡೆದೆ.

ಅವಳು ಹೊಸ್ತಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಒಂದು ಹಿಡಿ ಎಳೆದುಕೊಂಡೆ. ವಿಷಯ ಪೂರ್ತಿ ಹೇಳಿದೆ. ನಾನು ಅಂದದ್ದು, ಅಂಚು ಹತ್ತಿರ ಬಂದದ್ದು, ನಡುವೆ ಜೋತುಬಿದ್ದದ್ದು.

“ನನ್ ಮಾತಿಗೆ ಮೂರು ಬೇಕು ಜಲಜಮ್ಮ. ಅವರಿಬ್ರೇ ಅಂದ್ರೆ ಆಗಲ್ಲ. ನೀವೂ ಬಂದು ಸೀರೆ ಹಿಡೀಬೇಕು.”

“ನಾನಾ?” ಅವಳು ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಅಂಗಳಕ್ಕೂ ಹಾಕಿದಳು. “ಗಂಡ ಹೆಂಡ್ತಿ ಮಧ್ಯ ನಾನ್ಯಾಕೆ ಹೋಗ್ಲಿ? ಜನ ಏನಂತಾರೆ?”

“ಜನ ಅನ್ನೋದು ಇದ್ದಿದ್ದೇ. ನಿಮಗೇನನ್ಸತ್ತೆ ಹೇಳಿ.”

ಜಲಜಮ್ಮ ಅಂಗಳಕ್ಕೆ ಬಿದ್ದ ಕಾಳುಗಳನ್ನು ಆಯ್ದು ಪಾತ್ರೆಗೆ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: “ಮಾತಿಲ್ಲದೆ ಮದ್ವೆ ಆದ್ರೆ ಇಬ್ರೂ ಹಾಳಾಗ್ತಾರೆ ಅನ್ನೋ ಭಯ ನಿಜವೇ ಕಣೇ ವನಜ. ಆದ್ರೆ ಚೆನ್ನಾಗಿ ಸೆಟ್ ಆಗ್ಬಿಟ್ರೆ ಅನ್ನೋ ಭಯಾನೂ ಇದೆ. ನಂಗೊಂದು ಜೊತೆ ಕೂಡಲಿಲ್ಲ. ಈ ಮನೇಲಿ ನಂಗೆ ಎದುರು ಸಿಕ್ಕೋನು ಅಂದ್ರೆ ಅವನೊಬ್ನೇ. ಅವರಿಬ್ರೂ ಒಂದಾದ್ರೆ ನಾನೆಲ್ಲೇ ಹೋಗ್ಲಿ? ಕೆಳಗಿನ ಬೀದಿ ಹುಡುಗಿ ಆದ್ರೂ ಅದೇ ಭಯಾನೇ.”

ಇಷ್ಟು ದೊಡ್ಡ ಮಾತಿಗೆ ನನ್ನ ಹತ್ತಿರ ಸಣ್ಣ ಉತ್ತರವಿತ್ತು. “ನೀವಿಲ್ದೇ ಆ ಸೆಟ್ಟೇ ಆಗಲ್ಲವಲ್ಲ” ಎಂದೆ.

“ಆಗ್ದೇ ಇದ್ರೆ ನಿನ್ ಹೋಟ್ಲು?”

“ಉಪ್ಪಿಟ್ಟು ಮಾಡ್ಕೊಂಡಿರ್ತೀನಿ. ಅದಕ್ಕೆ ಯಾರ ಮಾತೂ ಬೇಡ.” ಧೈರ್ಯವಾಗಿಯೇ ಅಂದೆ. ಅಪ್ಪನ ಕಾವಲಿಯ ಜಾಗದಲ್ಲಿ ಉಪ್ಪಿಟ್ಟಿನ ಬಾಣಲೆ ಇಡುವುದನ್ನು ಮಾತ್ರ ನೆನೆಸಿಕೊಳ್ಳಲಿಲ್ಲ.

ಹಬ್ಬದ ಮಾರನೆಯ ದಿನ ದಾಕ್ಷಾಯಿಣಿಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಇಂಥ ಸುದ್ದಿಗೆ ನಮ್ಮೂರಿನಲ್ಲಿ ಡಂಗುರ ಸಾರಬೇಕಿಲ್ಲ. ದಾಕ್ಷಾಯಿಣಿ ಜಗಲಿಯ ಮೇಲೆ ನಿಲ್ಲುವುದನ್ನು ಬಿಟ್ಟು ಮೊದಲ ಸಲ ಅಂಗಳಕ್ಕೆ ಇಳಿದು ಸೀರೆಯ ತುದಿ ಹಿಡಿದಳು. ಆ ತುದಿಗೆ ಅಶ್ವತ್ಥ, ಅವತ್ತು ಮೈಗೆ ಸಿಮೆಂಟಿರಲಿಲ್ಲ, ಗುರುತೇ ಸಿಗಲಿಲ್ಲ. ಜಲಜಮ್ಮ ಬಂದಿದ್ದಳು, ಆದರೆ ಗೇಟಿನ ಹತ್ತಿರವೇ ನಿಂತಿದ್ದಳು. ನಾನು ಕರೆದದ್ದಕ್ಕೆ ಬಂದು ಮಗನ ಪಕ್ಕ, ಇನ್ನೂ ಹಿಂದೆ, ಬೆರಳಲ್ಲಿ ಅಂಚಿನ ಚೂರನ್ನಷ್ಟೇ ಹಿಡಿದು ನಿಂತಳು.

“ಅಲ್ಲಲ್ಲ” ಎಂದು ನಾನು ಬಾಯಿ ತೆರೆಯುವ ಮೊದಲೇ ದಾಕ್ಷಾಯಿಣಿ ಅಂದಳು: “ಅತ್ತೆ, ಅಲ್ಲಲ್ಲ. ನಡುವೆ ಬನ್ನಿ. ಅಲ್ಲಿ ಹಿಡ್ಯೋರಿಲ್ಲ ಅಂತಲೇ ಅವತ್ತು ಬಿದ್ದಿದ್ದು.”

ಅತ್ತೆ ಎಂದು ಅವಳು ಅಂದದ್ದು ಅದೇ ಮೊದಲು. ಯಾರೋ ಕಿಸಕ್ಕೆಂದು ನಕ್ಕರು. ಗುಂಡಣ್ಣ “ಇದ್ಯಾವ ಸೀಮೆ ಮದ್ವೆ, ನಡುವೆ ಅತ್ತೇನಾ!” ಎಂದ. ಜಲಜಮ್ಮ ಅವನತ್ತ ಒಂದು ನೋಟ ಬೀರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದು ನಡುವೆ ನಿಂತು, ಜೋತುಬಿದ್ದಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅಪ್ಪನನ್ನು ನೆನೆಸಿಕೊಂಡು ‘ಸೆಟ್’ ಅಂದೆ.

ಎರಡು ತುದಿಗಳೂ ಅವಳತ್ತ ಬಂದವು. ಅತ್ತ ಕಡೆಯಿಂದ ಮಗ, ಇತ್ತ ಕಡೆಯಿಂದ ಸೊಸೆ, ಬಟ್ಟೆಯನ್ನು ಮಡಿಸುತ್ತಾ ಮಡಿಸುತ್ತಾ ಬಂದು ಅವಳ ಕೈಯಲ್ಲಿ ಅಂಚಿಗೆ ಅಂಚು ಸೇರಿಸಿದರು. ಹದಿನೆಂಟು ಮೊಳದ ಸೀರೆ ಅಂಗೈಯಗಲಕ್ಕೆ ಬಂದು ಕೂತಿತು. ಜಲಜಮ್ಮ ಅದನ್ನು ಅಲ್ಲಾಡಿಸಿ ನೋಡಿದಳು, ಕಳಚಲಿಲ್ಲ. ಮುಕುಂದಪ್ಪ ಖುಷಿಗೆ ಕೂಗಿದ ಭರಾಟೆಯಲ್ಲಿ ಅವನ ಜೇಬಿನಿಂದ ಹಲ್ಲಿನ ಸೆಟ್ಟು ಬಿದ್ದು, ಬೆಕ್ಕು ಅದನ್ನು ಕಚ್ಚಿಕೊಂಡು ಓಡಿತು. ಅರ್ಧ ಜನ ಮದುವೆಯ ಮಾತು ಬಿಟ್ಟು ಬೆಕ್ಕಿನ ಹಿಂದೆ ಓಡಿದರು.

ಮದುವೆ ಸರಳವಾಗಿ ಆಯಿತು. ಆಮೇಲೆ ಆ ಮೂವರೂ ಸಂತೆಗೆ ಒಟ್ಟಿಗೆ, ಸಿನಿಮಾಕ್ಕೆ ಒಟ್ಟಿಗೆ, ಜಗಳವೂ ಮೂವರದೂ ಒಟ್ಟಿಗೆ. ಬೀದಿಯಲ್ಲಿ ಕಂಡರೆ ಜನ “ಸೆಟ್ ಬಂತು, ಸಾಗು ಎಲ್ಲಿ?” ಎಂದು ರೇಗಿಸುತ್ತಾರೆ. ತಗಡಿನ ಮಾಡು ಈಗಲೂ ಸೋರುತ್ತದೆ, ಅದಕ್ಕೆ ಯಾರ ಮಾತೂ ನಡೆಯುವುದಿಲ್ಲ. ದಾಕ್ಷಾಯಿಣಿಯ ಮಾತು ಊರಿಗೆ ಮೊದಲಿನ ಹಾಗೇ ನಡೆಯುತ್ತಿದೆ. ನನಗೂ ಒಬ್ಬನನ್ನು ನೋಡುತ್ತೇನೆ ಎಂದು ಆಗಾಗ ಹೆದರಿಸುತ್ತಾಳೆ.

ಮದುವೆಯ ಮರುದಿನ ಬೆಳಿಗ್ಗೆಯೇ ಮೂವರೂ ಹೋಟೆಲಿಗೆ ಬಂದಿದ್ದರು. ಬಾಗಿಲು ಹಾಕಿದಂದಿನಿಂದ ನಾನು ದೋಸೆ ಹುಯ್ದಿರಲಿಲ್ಲ, ನನ್ನ ಮಾತು ಉಳಿದಿದೆಯೋ ಇಲ್ಲವೋ ಎಂದು ನನಗಿನ್ನೂ ಅಳುಕಿತ್ತು. ಮೂರು ದೋಸೆ ಹುಯ್ದು, ಒಂದರ ಮೇಲೊಂದು ಇಟ್ಟು, ಅಂದೆ. ಕೂತವು. ತಟ್ಟೆ ಓರೆ ಮಾಡಿದೆ, ಅಲ್ಲಾಡಲಿಲ್ಲ. ಒಂದೇ ತಟ್ಟೆಯನ್ನು ಮೂವರ ಮಧ್ಯೆ ಇಟ್ಟು, ಅಭ್ಯಾಸಬಲದಿಂದ ಜಲಜಮ್ಮನಿಗೆ ಕಾಫಿ ತರಲು ತಿರುಗಿದೆ.

“ಕಾಫಿ ಆಮೇಲೆ ತಾರೇ” ಎಂದಳು ಜಲಜಮ್ಮ. ಮಗ ಮೇಲಿನ ದೋಸೆಗೆ ಕೈ ಹಾಕಿದ್ದ. ಅವನ ಕೈಗೊಂದು ಏಟು ಕೊಟ್ಟು, ಮೇಲಿನದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಕೆಳಗಿನಿಂದ ಹಬೆಯಾಡುತ್ತಿದ್ದ ಎರಡನೆಯದನ್ನು ಎಳೆದುಕೊಂಡಳು.

“ನಡುವಿಂದು ನಂದು” ಎಂದಳು.